ಬಳ್ಳಾರಿಯಲ್ಲಿದ್ದುಕೊಂಡೇ ವೆಬ್ ಡೆವಲಪ್‌ಮೆಂಟ್ ಕಲಿಯುವುದು: ಊರಿನ ಕೆಲಸಗಳೇ ನಿಮ್ಮ ಪ್ರಾಜೆಕ್ಟ್‌ಗಳು

ವೆಬ್ ಡೆವಲಪರ್ ಕೆಲಸಕ್ಕೆ ಅರ್ಜಿ ಹಾಕುವ ಹೊಸಬರ ಪೋರ್ಟ್‌ಫೋಲಿಯೊ (ಮಾಡಿದ ಕೆಲಸಗಳನ್ನು ತೋರಿಸುವ ಪುಟ) ತೆರೆದರೆ ಮೂರು ಪ್ರಾಜೆಕ್ಟ್‌ಗಳು ಪದೇ ಪದೇ ಕಾಣುತ್ತವೆ: ಮಾಡಬೇಕಾದ ಕೆಲಸಗಳ ಪಟ್ಟಿ, ಕ್ಯಾಲ್ಕುಲೇಟರ್, ಯಾವುದೋ ದೊಡ್ಡ ಸಿನಿಮಾ ತಾಣದ ಮುಖಪುಟದ ನಕಲು. ಮೂರೂ ಯೂಟ್ಯೂಬ್ ಪಾಠ ನೋಡಿಕೊಂಡು ಸಾಲು ಸಾಲಾಗಿ ಬರೆದವು. ಕಲಿಯಲು ಅವು ಕೆಟ್ಟವಲ್ಲ. ಆದರೆ ಸಂದರ್ಶನದಲ್ಲಿ "ಇದನ್ನು ಹೀಗೇಕೆ ಮಾಡಿದಿರಿ?" ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ತೀರ್ಮಾನಗಳನ್ನೆಲ್ಲ ಪಾಠ ಮಾಡಿದವರು ಮೊದಲೇ ತೆಗೆದುಕೊಂಡಿರುತ್ತಾರೆ.

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನಕಲು ಪ್ರಾಜೆಕ್ಟ್ ಒಂದೂ ಇಲ್ಲ. ಇಲ್ಲಿರುವ ನಾಲ್ಕೂ ಬಳ್ಳಾರಿಯ ಬೀದಿಯಲ್ಲಿ ಸಿಗುವ ಕೆಲಸಗಳು: ಖಾನಾವಳಿಯ ಒಂದು ಪುಟ, ಬಸ್ ವೇಳಾಪಟ್ಟಿ, ಜೀನ್ಸ್ ಘಟಕದ ಪೀಸ್ ಲೆಕ್ಕ, ತುಂಗಭದ್ರಾ ಜಲಾಶಯದ ನೀರಿನ ಚಿತ್ರಣ. ಪ್ರತಿಯೊಂದರಲ್ಲೂ ಪಾಠದ ವಿಡಿಯೊದಲ್ಲಿ ಸಿಗದ ಒಂದಾದರೂ ತೊಡಕು ಇದೆ. ಆ ತೊಡಕನ್ನು ಬಿಡಿಸುವಾಗ ಕಲಿಯುವುದೇ ನಿಮ್ಮ ಕಲಿಕೆ. ದಿನಕ್ಕೆ ಎರಡು ಗಂಟೆ ಕೊಡುವವರಿಗೆ ಇಷ್ಟಕ್ಕೂ ಆರೇಳು ತಿಂಗಳು ಬೇಕಾಗಬಹುದು. ಮೂರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ.

ಶುರುವಿಗೆ ಬೇಕಾದದ್ದು

ಎಂಟು ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ವಿಎಸ್ ಕೋಡ್ ಎಂಬ ಉಚಿತ ಎಡಿಟರ್, ಅದಕ್ಕೆ ‘ಲೈವ್ ಸರ್ವರ್’ ಎಂಬ ಸೇರ್ಪಡೆ, ಕ್ರೋಮ್ ಅಥವಾ ಫೈರ್‌ಫಾಕ್ಸ್, ಮತ್ತು ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್. ಇಷ್ಟನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ಇಂಟರ್‌ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಓದಲು ಎಂಡಿಎನ್ ಎಂಬ ವೆಬ್ ಕೈಪಿಡಿಯ ತಾಣವನ್ನು ಮುಖ್ಯ ಆಧಾರವಾಗಿ ಇಟ್ಟುಕೊಳ್ಳಿ. ಅಭ್ಯಾಸಕ್ಕೆ ಫ್ರೀಕೋಡ್‌ಕ್ಯಾಂಪ್, ದಿ ಓಡಿನ್ ಪ್ರಾಜೆಕ್ಟ್ ಎರಡೂ ಉಚಿತವಾಗಿವೆ. ಹಣ ಕೊಟ್ಟು ಸೇರುವ ಕೋರ್ಸ್ ಈ ಹಂತದಲ್ಲಿ ಅಗತ್ಯವಿಲ್ಲ.

ಒಂದು ಮಾತು: ಕೋಡ್‌ನಲ್ಲಿ ಟ್ಯಾಗ್‌ಗಳ (ಪುಟದ ಭಾಗಗಳನ್ನು ಸೂಚಿಸುವ ಗುರುತುಗಳ), ಆದೇಶಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ. ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಅಂದಹಾಗೆ, ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೇರಿಯಬಲ್‌ಗಳಿಗೆ (ಮಾಹಿತಿ ಇಡುವ ಪಾತ್ರೆಗಳಿಗೆ) ‘ಬೆಲೆ’, ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಡಬಹುದು, ಭಾಷೆಯ ನಿಯಮ ಅದನ್ನು ಒಪ್ಪುತ್ತದೆ. ಮನೆಯ ಅಭ್ಯಾಸಕ್ಕೆ ಇಟ್ಟು ನೋಡಿ, ಖುಷಿಯಾಗುತ್ತದೆ. ಇತರರೂ ಕೈಹಾಕುವ ಕೋಡ್‌ನಲ್ಲಿ ಬೇಡ.

ಪ್ರಾಜೆಕ್ಟ್ ಒಂದು: ಖಾನಾವಳಿಯ ಪುಟ

ನೀವು ದಿನವೂ ಊಟ ಮಾಡುವ ಖಾನಾವಳಿಯನ್ನೋ, ಸಂಜೆ ಮಿರ್ಚಿ ಮಂಡಕ್ಕಿ ತಿನ್ನುವ ಅಂಗಡಿಯನ್ನೋ ಆರಿಸಿಕೊಳ್ಳಿ. ಮಾಲೀಕರ ಒಪ್ಪಿಗೆ ಕೇಳಿ. "ದುಡ್ಡು ಬೇಡ, ಕಲಿಯಲು ಮಾಡುತ್ತಿದ್ದೇನೆ" ಎಂದರೆ ಬಹಳ ಮಂದಿ ಒಪ್ಪುತ್ತಾರೆ. ಪುಟದಲ್ಲಿ ಬರಬೇಕಾದದ್ದು ಊಟ ತಿಂಡಿಗಳ ಪಟ್ಟಿ ಮತ್ತು ಬೆಲೆ, ತೆರೆದಿರುವ ಸಮಯ, ವಾರದ ರಜೆ, ಫೋನ್, ದಾರಿ. ಅಷ್ಟೇ. ‘ನಮ್ಮ ಬಗ್ಗೆ’, ‘ನಮ್ಮ ಧ್ಯೇಯ’ ಎಂದು ಮೂರು ಪ್ಯಾರಾ ತುಂಬಿಸಬೇಡಿ. ಹಸಿದವರು ಅದನ್ನು ಓದುವುದಿಲ್ಲ.

ಇಲ್ಲಿ ಕಲಿಯುವುದು ಪುಟದ ರಚನೆ ಬರೆಯುವ ಎಚ್‌ಟಿಎಂಎಲ್ ಮತ್ತು ಅದರ ರೂಪ ತಿದ್ದುವ ಸಿಎಸ್‌ಎಸ್ ಮಾತ್ರ. ಮೊದಲು ಬಣ್ಣವಿಲ್ಲದೆ, ಬರಿಯ ಎಚ್‌ಟಿಎಂಎಲ್‌ನಲ್ಲಿ ಇಡೀ ಪುಟ ಬರೆಯಿರಿ. ತಲೆಬರಹಕ್ಕೆ ತಲೆಬರಹದ ಟ್ಯಾಗ್, ಬೆಲೆಪಟ್ಟಿಗೆ ಟೇಬಲ್, ಫೋನ್ ಸಂಖ್ಯೆಗೆ ‘ಟೆಲ್’ ಎಂದು ಶುರುವಾಗುವ ಲಿಂಕ್. ಎಲ್ಲವನ್ನೂ ‘ಡಿವ್’ ಎಂಬ ಸಾಮಾನ್ಯ ಪೆಟ್ಟಿಗೆಯ ಟ್ಯಾಗ್ ಒಳಗೆ ತುರುಕುವ ಅಭ್ಯಾಸ ಬಂದರೆ ಬಿಡಿಸಿಕೊಳ್ಳುವುದು ಕಷ್ಟ. ಪುಟದ ಕೋಡ್‌ನ ಆರಂಭದಲ್ಲಿ ಮೂರು ಸಂಗತಿ ಇರಲೇಬೇಕು: ಅಕ್ಷರ ಸಂಕೇತ ಯುಟಿಎಫ್-8, ಮೊಬೈಲ್ ಪರದೆಗೆ ಹೊಂದಿಸುವ ‘ವ್ಯೂಪೋರ್ಟ್’ ಸಾಲು, ಮತ್ತು ಭಾಷೆ ಯಾವುದೆಂದು ಹೇಳುವ ‘ಲ್ಯಾಂಗ್’ ಗುಣಕ್ಕೆ ‘ಕೆಎನ್’ (ಕನ್ನಡ) ಎಂಬ ಮೌಲ್ಯ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಎಡಿಟರ್ ತಾನಾಗಿ ‘ಇಎನ್’ ಎಂದು ಹಾಕಿಕೊಟ್ಟಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಕಣ್ಣು ಕಾಣದವರು ಬಳಸುವ ಓದುತಂತ್ರಾಂಶ ಕನ್ನಡ ಸಾಲನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೊರಡುತ್ತದೆ.

ಮಾಲೀಕರು ತಮ್ಮ ಊಟದ ಪಟ್ಟಿಯನ್ನು ಡಿಟಿಪಿ ಅಂಗಡಿಯಿಂದ ಕಡತವಾಗಿ ತಂದುಕೊಟ್ಟರೆ ಮೊದಲ ನಿಜವಾದ ತೊಡಕು ಎದುರಾಗುತ್ತದೆ. ಅದು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ (ಫಾಂಟ್‌ನಲ್ಲಿ) ಇರುವ ಸಾಧ್ಯತೆ ಹೆಚ್ಚು. ಆ ವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಅದನ್ನು ನಕಲು ಮಾಡಿ ವೆಬ್ ಪುಟಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ ಕಾಣುತ್ತದೆ. ಉಚಿತ ಪರಿವರ್ತಕಗಳಲ್ಲಿ ಎಲ್ಲ ಯಂತ್ರಗಳೂ ಓದುವ ಯೂನಿಕೋಡ್‌ಗೆ ಬದಲಿಸಿ, ಬಳಿಕ ಒಂದೊಂದು ಪದವನ್ನೂ ಕಣ್ಣಿಟ್ಟು ಓದಿ. ಅರ್ಕಾವೊತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ಉಳಿಯುವುದು ಸಾಮಾನ್ಯ.

ಸಿಎಸ್‌ಎಸ್‌ನಲ್ಲಿ ಕನ್ನಡಕ್ಕೆ ಬೇರೆ ಅಳತೆ ಬೇಕು. ಇಂಗ್ಲಿಷ್ ಪಾಠಗಳಲ್ಲಿ ಸಾಲಿನ ಎತ್ತರ 1.4 ಎಂದು ಹೇಳಿದ್ದರೆ ನೀವು 1.7ರಿಂದ ಶುರುಮಾಡಿ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಒತ್ತಿನ ಕೆಳಗೆ ಒತ್ತು ಬರುತ್ತದೆ, ಇಕ್ಕಟ್ಟಾದ ಸಾಲಿನಲ್ಲಿ ಅದು ಕೆಳಗಿನ ಸಾಲಿಗೆ ತಾಗುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ‘ಬಾಲೂ ತಮ್ಮ’ ಇವು ಉಚಿತವಾಗಿ ಸಿಗುವ ಒಳ್ಳೆಯ ಅಕ್ಷರವಿನ್ಯಾಸಗಳು. ಪುಟಕ್ಕೆ ಒಂದೇ ಸಾಕು. ಚಿತ್ರಗಳ ವಿಷಯದಲ್ಲಿ ಜಿಪುಣರಾಗಿ. ಫೋನಿನಲ್ಲಿ ತೆಗೆದ ನಾಲ್ಕು ಎಂಬಿ ಚಿತ್ರವನ್ನು ಹಾಗೇ ಏರಿಸಬೇಡಿ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ 200 ಕೆಬಿ ಒಳಗೆ ಬರುತ್ತದೆ. ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ನಿಧಾನದ ಜಾಲವನ್ನು ಆಯ್ದು ಪುಟ ತೆರೆದು ನೋಡಿ. ಆಮೇಲೆ ಖಾನಾವಳಿಯ ಮಾಲೀಕರ ಫೋನಿನಲ್ಲೇ ತೆರೆದು ನೋಡಿ. ಎರಡನೆಯ ಪರೀಕ್ಷೆಯೇ ದೊಡ್ಡದು.

ಗಿಟ್ ಮತ್ತು ಊರಿಗೆ ತೋರಿಸುವುದು

ಪುಟ ಅರ್ಧ ಆಗುತ್ತಿದ್ದಂತೆ ಗಿಟ್ ಶುರುಮಾಡಿ, ಮುಗಿದ ಮೇಲಲ್ಲ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ಬರೆದದ್ದು ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೆಲಸಕ್ಕಾಗಿ. ನಮಗೆ ಅದರಲ್ಲಿ ಮೊದಲು ಬೇಕಾದದ್ದು ನಾಲ್ಕೇ ಆದೇಶ: ಆಡ್ (ದಾಖಲಿಸಬೇಕಾದದ್ದನ್ನು ಆರಿಸುವುದು), ಕಮಿಟ್ (ದಾಖಲಿಸುವುದು), ಪುಶ್ (ಜಾಲಕ್ಕೆ ಕಳಿಸುವುದು), ಲಾಗ್ (ಇತಿಹಾಸ ನೋಡುವುದು). ಕಮಿಟ್ ನಿಮ್ಮ ಯಂತ್ರದಲ್ಲೇ ಆಗುವುದರಿಂದ ಮಧ್ಯಾಹ್ನ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ನೆಟ್ ಬಂದಾಗ ಪುಶ್ ಮಾಡಿದರಾಯಿತು. ಕಮಿಟ್ ಸಂದೇಶದಲ್ಲಿ ‘ಬದಲಾವಣೆ’ ಎಂದಷ್ಟೇ ಬರೆಯಬೇಡಿ. ‘ಬೆಲೆಪಟ್ಟಿ ಚಿಕ್ಕ ಪರದೆಯಲ್ಲಿ ಹೊರಚಾಚುತ್ತಿದ್ದುದನ್ನು ಸರಿಪಡಿಸಿದೆ’ ಎಂದು ಬರೆದರೆ, ನಿಮ್ಮ ಕೆಲಸ ನೋಡಲು ಬಂದವರಿಗೆ ಅದೇ ಸಾಕ್ಷಿ.

ಗಿಟ್ ಪ್ರಾಜೆಕ್ಟ್‌ಗಳನ್ನು ಇಡುವ ಗಿಟ್‌ಹಬ್ ತಾಣದಲ್ಲಿ ಸಾರ್ವಜನಿಕ ರೆಪಾಸಿಟರಿ (ಪ್ರಾಜೆಕ್ಟ್‌ನ ಕಡತಗಳ ಕೋಶ) ಮಾಡಿ, ಸೆಟ್ಟಿಂಗ್ಸ್‌ನ ಪೇಜಸ್ ವಿಭಾಗದಲ್ಲಿ ಮುಖ್ಯ ಬ್ರಾಂಚ್ ಆಯ್ದರೆ ಕೆಲವೇ ನಿಮಿಷಗಳಲ್ಲಿ ಪುಟ ಉಚಿತವಾಗಿ ಜಗತ್ತಿಗೆ ತೆರೆದುಕೊಳ್ಳುತ್ತದೆ. ಮೊದಲ ದಿನ ಬಹುತೇಕರಿಗೆ ಚಿತ್ರಗಳು ಕಾಣುವುದಿಲ್ಲ. ಕಾರಣ ಕಡತದ ಹೆಸರು. ವಿಂಡೋಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ನಡುವೆ ವ್ಯತ್ಯಾಸವಿಲ್ಲ, ಗಿಟ್‌ಹಬ್‌ನಲ್ಲಿ ಇದೆ. ಫೋನಿನಿಂದ ಬಂದ ಕಡತದ ಕೊನೆಯಲ್ಲಿ ದೊಡ್ಡಕ್ಷರದ ಜೆಪಿಜಿ, ನಿಮ್ಮ ಕೋಡ್‌ನಲ್ಲಿ ಚಿಕ್ಕಕ್ಷರದ್ದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಕಂಡದ್ದು ಅಲ್ಲಿ ಮಾಯ. ಎಲ್ಲ ಕಡತಗಳಿಗೂ ಚಿಕ್ಕಕ್ಷರದ, ಜಾಗ ಬಿಡದ ಇಂಗ್ಲಿಷ್ ಹೆಸರು ಇಡಿ.

ಪ್ರಾಜೆಕ್ಟ್ ಎರಡು: ಬಸ್ ವೇಳಾಪಟ್ಟಿ

ಈಗ ಜಾವಾಸ್ಕ್ರಿಪ್ಟ್. ಬಳ್ಳಾರಿಯಿಂದ ಸಂಡೂರು, ಸಿರುಗುಪ್ಪ, ಕಂಪ್ಲಿ, ಕುರುಗೋಡು ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೆ ಹೊರಡುವ ಬಸ್‌ಗಳನ್ನು ಹುಡುಕಿ ತೋರಿಸುವ ಪುಟ. ವೇಳೆಯನ್ನು ಎಲ್ಲಿಂದಲೋ ಕದಿಯಬೇಡಿ. ನಿಲ್ದಾಣಕ್ಕೆ ಹೋಗಿ ಫಲಕ ನೋಡಿ, ವಿಚಾರಣೆ ಕಿಟಕಿಯಲ್ಲಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ. ಫಲಕದಲ್ಲಿರುವುದಕ್ಕೂ ಕಂಡಕ್ಟರ್ ಹೇಳುವುದಕ್ಕೂ ವ್ಯತ್ಯಾಸ ಬಂದರೆ ಎರಡನ್ನೂ ಬರೆದುಕೊಳ್ಳಿ. ಮಾಹಿತಿ ಯಾವಾಗಲೂ ಹೀಗೆ ಕೊಳೆಯಾಗಿಯೇ ಬರುತ್ತದೆ ಎಂಬುದನ್ನು ಯಾವ ಕೋರ್ಸೂ ಹೇಳಿಕೊಡುವುದಿಲ್ಲ. ಪುಟದ ಮೇಲೆ ‘ಇದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಅಧಿಕೃತ ಪುಟವಲ್ಲ’ ಎಂದೂ, ವೇಳೆ ಪರಿಶೀಲಿಸಿದ ದಿನಾಂಕವನ್ನೂ ಹಾಕಿ.

ಪ್ರತಿ ಬಸ್ಸನ್ನೂ ಒಂದು ಆಬ್ಜೆಕ್ಟ್ (ಹೆಸರಿಟ್ಟ ವಿವರಗಳ ಗೊಂಚಲು) ಆಗಿ, ಎಲ್ಲವನ್ನೂ ಒಂದು ಅರೇ (ಪಟ್ಟಿ) ಆಗಿ ಇಡಿ. ಊರು ಆಯ್ದಾಗ ‘ಫಿಲ್ಟರ್’, ವೇಳೆಯ ಕ್ರಮಕ್ಕೆ ‘ಸಾರ್ಟ್’, ಪರದೆಯ ಮೇಲೆ ಸಾಲುಗಳಾಗಿ ಮೂಡಿಸಲು ‘ಮ್ಯಾಪ್’. ಈ ಮೂರನ್ನು ಕೈಯಾರೆ ಬರೆದು ರೂಢಿಸಿಕೊಂಡರೆ ಮುಂದೆ ರಿಯಾಕ್ಟ್ ಎಂಬ ಲೈಬ್ರರಿಯನ್ನು (ಇತರರು ಬರೆದಿಟ್ಟ ಸಿದ್ಧ ಕೋಡ್) ಕಲಿಯುವಾಗ ಅರ್ಧ ಭಾರ ಇಳಿಯುತ್ತದೆ.

ವೇಳೆಯನ್ನು ‘9:15’, ‘10:00’ ಎಂದು ಪಠ್ಯವಾಗಿ ಇಟ್ಟರೆ ಹತ್ತು ಗಂಟೆಯ ಬಸ್ ಒಂಬತ್ತೂಕಾಲರ ಬಸ್ಸಿಗಿಂತ ಮೇಲೆ ಬಂದು ಕೂರುತ್ತದೆ. ಪಠ್ಯದ ಕ್ರಮದಲ್ಲಿ ‘1’ ಎಂಬುದು ‘9’ಕ್ಕಿಂತ ಮೊದಲು. ಬರಿಯ ಸಂಖ್ಯೆಗಳ ಅರೇ ಕೊಟ್ಟರೂ ‘ಸಾರ್ಟ್’ ಅವುಗಳನ್ನು ಪಠ್ಯವೆಂದೇ ಹೋಲಿಸುತ್ತದೆ, ಹೋಲಿಕೆಯ ಫಂಕ್ಷನ್ ನೀವೇ ಕೊಡಬೇಕು. ಒಳ್ಳೆಯ ದಾರಿ ಎಂದರೆ ನಡುರಾತ್ರಿಯಿಂದ ಎಷ್ಟು ನಿಮಿಷ ಎಂದು ಉಳಿಸುವುದು: 9:15 ಎಂದರೆ 555, 10:00 ಎಂದರೆ 600. ತೋರಿಸುವಾಗ ಮಾತ್ರ ಗಂಟೆಗೆ ಬದಲಿಸಿ. ‘ಮುಂದಿನ ಬಸ್ ಯಾವುದು’ ಎಂಬ ಪ್ರಶ್ನೆಗೂ ಇದರಿಂದ ಉತ್ತರ ಸುಲಭ. ರಾತ್ರಿಯ ಕೊನೆಯ ಬಸ್ ಹೋದ ಮೇಲೆ ಪುಟ ಖಾಲಿ ಕಾಣಬಾರದು. ‘ಇಂದಿನ ಬಸ್‌ಗಳು ಮುಗಿದಿವೆ, ನಾಳೆ ಬೆಳಗಿನ ಮೊದಲ ಬಸ್ ಇಂತಿಷ್ಟು ಗಂಟೆಗೆ’ ಎಂದು ಬರಬೇಕು. ಖಾಲಿ ಸ್ಥಿತಿಯನ್ನು ಯೋಚಿಸಿದವರು, ಯೋಚಿಸದವರು ಎಂಬ ವ್ಯತ್ಯಾಸ ನೋಡಿದ ಕೂಡಲೇ ತಿಳಿಯುತ್ತದೆ.

ಇನ್ನು ಹುಡುಕಾಟದ ಪೆಟ್ಟಿಗೆ. ಇಲ್ಲಿಯೇ ಕನ್ನಡ ನಿಮ್ಮನ್ನು ಸರಿಯಾಗಿ ಪರೀಕ್ಷಿಸುತ್ತದೆ. ‘ಬಳ್ಳಾರಿ’ ಎಂಬ ಪದದ ಉದ್ದ ಎಷ್ಟೆಂದು ಜಾವಾಸ್ಕ್ರಿಪ್ಟನ್ನು ಕೇಳಿ: 7 ಎನ್ನುತ್ತದೆ. ನಮಗೆ ಕಾಣುವುದು ಮೂರಕ್ಷರ. ಅದು ಎಣಿಸುವುದು ಬ, ಳ, ಹಲಂತ, ಳ, ದೀರ್ಘದ ಗುರುತು, ರ, ಇಕಾರದ ಗುರುತು. ಹಾಗಾಗಿ ‘ಮೊದಲ ಮೂರು ಅಕ್ಷರ ಕತ್ತರಿಸು’ ಎಂದು ಬರೆದ ಕೋಡ್ ‘ಬಳ್’ ಎಂದು ತುಂಡರಿಸಿ ಕೊಡುತ್ತದೆ. ಎರಡನೆಯ ತೊಡಕು: ‘ಕುರುಗೋಡು’ವಿನ ‘ಗೋ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಗುರುತುಗಳನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಹೋಲಿಸುವ ಮೊದಲು ಎರಡೂ ಕಡೆ, ಒಂದೇ ರೂಪಕ್ಕೆ ತರುವ ‘ನಾರ್ಮಲೈಸ್’ ಹಾಕಿ. ಮೂರನೆಯದು ಕಾಣದ ಅಕ್ಷರ: ‘ಬಸ್‌ಸ್ಟ್ಯಾಂಡ್’ ಎಂದು ಬಿಡಿಸಿ ಬರೆಯಲು ಕೀಲಿಮಣೆ ನಡುವೆ ಸೇರಿಸುವ ಶೂನ್ಯ ಅಗಲದ ಗುರುತು. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹುಡುಕುವ ಮೊದಲು ಅದನ್ನು ಅಳಿಸಿಬಿಡಿ. ನಾಲ್ಕನೆಯದು ಯಂತ್ರದ್ದಲ್ಲ, ನಮ್ಮದೇ: ‘ಸಿರುಗುಪ್ಪ’, ‘ಸಿರಗುಪ್ಪ’ ಎರಡೂ ಬಳಕೆಯಲ್ಲಿವೆ. ಗಡಿಯ ಊರಾದ್ದರಿಂದ ಹಲವರು ಇಂಗ್ಲಿಷ್ ಅಕ್ಷರದಲ್ಲಿ, ಕೆಲವರು ತೆಲುಗಿನಲ್ಲಿ ಟೈಪಿಸುತ್ತಾರೆ. ಪ್ರತಿ ಊರಿಗೂ ಪರ್ಯಾಯ ಹೆಸರುಗಳ ಸಣ್ಣ ಪಟ್ಟಿ ಇಟ್ಟರೆ ಸಾಕು, ಇದಕ್ಕೆ ದೊಡ್ಡ ಲೈಬ್ರರಿ ಬೇಡ.

ಈ ನಾಲ್ಕು ತೊಡಕುಗಳನ್ನು ಬಿಡಿಸಿದ ಬಗೆಯನ್ನು ಸಂದರ್ಶನದಲ್ಲಿ ಐದು ನಿಮಿಷ ವಿವರಿಸಬಲ್ಲ ಹುಡುಗಿಯನ್ನೋ ಹುಡುಗನನ್ನೋ ಬೆಂಗಳೂರಿನ ಯಾವ ಕಂಪನಿಯೂ ಹಗುರವಾಗಿ ಕಾಣುವುದಿಲ್ಲ.

ಪ್ರಾಜೆಕ್ಟ್ ಮೂರು: ಜೀನ್ಸ್ ಘಟಕದ ಪೀಸ್ ಲೆಕ್ಕ

ನಾಲ್ಕರಲ್ಲಿ ಇದೇ ಮುಖ್ಯ. ಸಮಯ ಕಡಿಮೆ ಇದ್ದರೆ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಬಳ್ಳಾರಿಯ ಜೀನ್ಸ್ ಉದ್ಯಮ ಒಂದೇ ಸೂರಿನಡಿ ನಡೆಯುವಂಥದ್ದಲ್ಲ. ಬಟ್ಟೆ ಕತ್ತರಿಸುವುದು ಒಂದು ಕಡೆ, ಹೊಲಿಗೆ ಹಲವು ಸಣ್ಣ ಘಟಕಗಳಲ್ಲಿ, ಎಷ್ಟೋ ಮನೆಗಳಲ್ಲಿ. ವಾಷಿಂಗ್ ಮತ್ತೊಂದು ಕಡೆ. ಕಾಜಾ, ಗುಂಡಿ, ಇಸ್ತ್ರಿ, ಪ್ಯಾಕಿಂಗ್ ಇನ್ನೊಂದು ಕಡೆ. ಹೊಲಿಯುವವರಿಗೆ ಕೂಲಿ ಸಿಗುವುದು ಪೀಸ್ ಲೆಕ್ಕದಲ್ಲಿ. ಆ ಲೆಕ್ಕ ಇರುವುದು ಉದ್ದನೆಯ ನೋಟ್‌ಬುಕ್ಕಿನಲ್ಲಿ, ಬಟವಾಡೆಯ ದಿನ ಎಲ್ಲರ ತಲೆನೋವು ಅದರ ಸುತ್ತ. ಪರಿಚಯದ ಘಟಕಕ್ಕೆ ಹೋಗಿ, ಒಂದು ಬಟವಾಡೆಯ ದಿನ ಸುಮ್ಮನೆ ಕುಳಿತು ನೋಡಿ. ಯಾರು ಬರೆಯುತ್ತಾರೆ, ಯಾರು ಒಪ್ಪುತ್ತಾರೆ, ಯಾವ ಸಾಲಿಗೆ ತಕರಾರು ಬರುತ್ತದೆ ಎಂದು ಗಮನಿಸಿ. ಲ್ಯಾಪ್‌ಟಾಪ್ ತೆರೆಯುವುದು ಆಮೇಲೆ.

ಬೇಕಾದ ಪುಟಗಳು ಮೂರು: ಕೆಲಸಗಾರರು ಮತ್ತು ಕೆಲಸದ ದರಗಳ ಪಟ್ಟಿ, ದಿನದ ನಮೂದು, ವಾರದ ಬಟವಾಡೆ. ನಮೂದಿನಲ್ಲಿ ಹೆಸರು, ಕೆಲಸ, ಪೀಸ್ ಸಂಖ್ಯೆ, ದಿನಾಂಕ. ಬಟವಾಡೆಯಲ್ಲಿ ಒಟ್ಟು ಕೂಲಿ, ಕೊಟ್ಟಿರುವ ಮುಂಗಡ, ಉಳಿದ ಮೊತ್ತ. ಕಾಗದದ ಮೇಲೆ ಪರದೆಗಳನ್ನು ಪೆನ್ಸಿಲಿನಲ್ಲಿ ಬರೆದು, ಲೆಕ್ಕ ಬರೆಯುವವರಿಗೇ ತೋರಿಸಿ ಕೇಳಿ. ಅವರು "ಇದು ನಮಗೆ ಬೇಡ" ಎಂದರೆ ಕಿತ್ತುಹಾಕಿ.

ಈಗ ಬರುವ ಪೆಟ್ಟುಗಳು ಒಂದೊಂದಾಗಿ.

ಫಾರಂನಿಂದ ಬರುವ ಮೌಲ್ಯ ಯಾವಾಗಲೂ ಪಠ್ಯ. ಬೆಳಿಗ್ಗೆ 40, ಮಧ್ಯಾಹ್ನ 25 ಪೀಸ್ ಹೊಲಿದವರ ಲೆಕ್ಕಕ್ಕೆ ಎರಡನ್ನೂ ಹಾಗೇ ಕೂಡಿಸಿದರೆ 65ರ ಬದಲು 4025 ಬರುತ್ತದೆ. ಸಂಖ್ಯೆಗೆ ಬದಲಿಸಿಯೇ ಕೂಡಿಸಬೇಕು. ಬದಲಿಸುವಾಗ ಇನ್ನೊಂದು: ಯಾರಾದರೂ ‘೪೦’ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಪೆಟ್ಟಿಗೆಯನ್ನು ಪಠ್ಯದ್ದಾಗಿಯೇ ಇಟ್ಟು, ಅಂಕಿಗಳ ಕೀಲಿಮಣೆ ಬರುವಂತೆ ‘ಇನ್‌ಪುಟ್‌ಮೋಡ್’ ಹಾಕಿ, ಕನ್ನಡ ಅಂಕಿಗಳನ್ನು ನೀವೇ ಬದಲಿಸಿಕೊಳ್ಳಿ. ಹತ್ತೇ ಅಂಕಿ, ಹತ್ತು ಸಾಲಿನ ಕೆಲಸ.

ಹಣವನ್ನು ದಶಮಾಂಶದಲ್ಲಿ ಇಡಬೇಡಿ. ಒಂದು ಕೆಲಸದ ದರ ರೂ. 1.10 ಎಂದಿಟ್ಟುಕೊಳ್ಳಿ. ಅದನ್ನು 3ರಿಂದ ಗುಣಿಸಿದರೆ ಜಾವಾಸ್ಕ್ರಿಪ್ಟ್ ಕೊಡುವ ಉತ್ತರ 3.3000000000000003. ಇದು ದೋಷವಲ್ಲ, ದಶಮಾಂಶಗಳನ್ನು ದ್ವಿಮಾನದಲ್ಲಿ ಇಡುವ ಪದ್ಧತಿಯ ಫಲ. ಆದರೆ ಕೂಲಿ ಪಡೆಯುವವರಿಗೆ ಆ ವಿವರಣೆ ಬೇಕಿಲ್ಲ. ದರವನ್ನು 110 ಪೈಸೆ ಎಂದು ಪೂರ್ಣಾಂಕದಲ್ಲಿ ಉಳಿಸಿ, ತೋರಿಸುವಾಗ ನೂರರಿಂದ ಭಾಗಿಸಿ. ತೋರಿಸಲು ‘ಟು ಲೊಕೇಲ್ ಸ್ಟ್ರಿಂಗ್’ ಎಂಬುದಕ್ಕೆ ‘ಇಎನ್-ಐಎನ್’ ಕೊಟ್ಟರೆ 1,00,000 ಎಂದು ನಮ್ಮ ಲಕ್ಷದ ಅಲ್ಪವಿರಾಮಗಳೊಂದಿಗೆ ಬರುತ್ತದೆ.

ದರ ಬದಲಾಗುತ್ತದೆ. ಹಬ್ಬದ ಹೊತ್ತಿಗೆ ಕೆಲಸ ಒತ್ತಿ ಬಂದಾಗ ಹೆಚ್ಚುತ್ತದೆ, ಬಟ್ಟೆ ಬೇರೆಯಾದರೆ ಬೇರೆ. ನೀವು ನಮೂದಿನಲ್ಲಿ ಕೆಲಸದ ಹೆಸರನ್ನಷ್ಟೇ ಇಟ್ಟು, ದರವನ್ನು ಪ್ರತಿಸಲ ಪಟ್ಟಿಯಿಂದ ಓದಿದರೆ, ದರ ತಿದ್ದಿದ ದಿನ ಕಳೆದ ತಿಂಗಳ ಕೂಲಿಯೂ ಬದಲಾಗಿಬಿಡುತ್ತದೆ. ಆಗಲೇ ಕೊಟ್ಟು ಮುಗಿದ ಹಣದ ಲೆಕ್ಕ ಅದು. ಆದ್ದರಿಂದ ನಮೂದಿಸಿದ ಕ್ಷಣದ ದರವನ್ನು ನಮೂದಿನೊಳಗೇ ಉಳಿಸಿ. ಡೇಟಾಬೇಸ್ ವಿನ್ಯಾಸದ ದೊಡ್ಡ ಪಾಠವೊಂದು ಹೀಗೆ ಒಂದು ಪ್ಯಾಂಟಿನ ಜೇಬಿನ ದರದಿಂದ ಬರುತ್ತದೆ. ಇದೇ ಕಾರಣಕ್ಕೆ ‘ಅಳಿಸು’ ಬಟನ್ ಇಡಬೇಡಿ. ತಪ್ಪು ನಮೂದಿಗೆ ‘ರದ್ದು’ ಎಂಬ ಗುರುತು, ಯಾಕೆ ಎಂಬ ಒಂದು ಸಾಲು. ಅಳಿಸಿದ ಸಾಲಿಗಿಂತ ಅಡ್ಡಗೆರೆ ಎಳೆದ ಸಾಲನ್ನು ಜನ ನಂಬುತ್ತಾರೆ, ನೋಟ್‌ಬುಕ್ಕಿನಲ್ಲೂ ಅವರು ಮಾಡುವುದು ಅದನ್ನೇ.

ದಿನಾಂಕದಲ್ಲಿ ಒಂದು ಬಲೆ ಇದೆ. ಇಂದಿನ ದಿನಾಂಕಕ್ಕಾಗಿ ಹೆಚ್ಚಿನ ಪಾಠಗಳು ‘ಟು ಐಎಸ್‌ಒ ಸ್ಟ್ರಿಂಗ್’ ಬಳಸಿ ಮೊದಲ ಹತ್ತು ಗುರುತುಗಳನ್ನು ಕತ್ತರಿಸಲು ಹೇಳುತ್ತವೆ. ಅದು ಕೊಡುವುದು ಜಾಗತಿಕ ಸಮಯದ ದಿನಾಂಕ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ಬೆಳಗಿನ ಐದಕ್ಕೆ ಯಂತ್ರ ಹಾಕುವವರು ಆಗಲೇ ನಮೂದಿಸಿದರೆ ಅದು ಹಿಂದಿನ ದಿನಕ್ಕೆ ಸೇರುತ್ತದೆ. ವರ್ಷ, ತಿಂಗಳು, ದಿನಗಳನ್ನು ಬೇರೆ ಬೇರೆಯಾಗಿ ಸ್ಥಳೀಯ ಸಮಯದಿಂದ ತೆಗೆದು ನೀವೇ ಜೋಡಿಸಿ. ತಿಂಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನು ಮರೆಯಬೇಡಿ.

ಉಳಿಸುವ ಜಾಗ ಸದ್ಯಕ್ಕೆ ಬ್ರೌಸರ್‌ನ ‘ಲೋಕಲ್ ಸ್ಟೋರೇಜ್’. ಅದು ಪಠ್ಯವನ್ನು ಮಾತ್ರ ಇಡುತ್ತದೆ, ಹಾಗಾಗಿ ಜೇಸನ್ ಎಂಬ ಪಠ್ಯರೂಪಕ್ಕೆ ಬದಲಿಸಿ ಇಡಬೇಕು. ಸುಮಾರು ಐದು ಎಂಬಿ ಮಿತಿ. ಫೋನ್ ಬದಲಾದರೆ, ಯಾರಾದರೂ ಬ್ರೌಸರ್ ಮಾಹಿತಿ ಅಳಿಸಿದರೆ, ಎಲ್ಲವೂ ಹೋಯಿತು. ಆದ್ದರಿಂದ ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳುವ ಬಟನ್ ಮೊದಲ ದಿನದಿಂದಲೇ ಇರಲಿ. ಆ ಕಡತದ ಆರಂಭದಲ್ಲಿ ಯುಟಿಎಫ್-8 ಗುರುತು ಇಡದಿದ್ದರೆ ಎಕ್ಸೆಲ್‌ನಲ್ಲಿ ಕನ್ನಡ ಕೆಡಬಹುದು, ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಘಟಕದವರು ಮೊದಲ ಕೆಲವು ವಾರ ನೋಟ್‌ಬುಕ್ಕನ್ನೂ ಬರೆಯಲಿ, ಎರಡೂ ಲೆಕ್ಕ ತಾಳೆಯಾಗುವವರೆಗೆ ನಿಮ್ಮ ಪುಟವನ್ನು ನಂಬಿ ಹಣ ಹಂಚಬಾರದು. ಮತ್ತೊಂದು ಎಚ್ಚರ: ಹೆಸರುಗಳನ್ನು ಪರದೆಗೆ ತರುವಾಗ ‘ಇನ್ನರ್‌ಎಚ್‌ಟಿಎಂಎಲ್’ ಬಳಸದೆ ‘ಟೆಕ್ಸ್ಟ್‌ಕಂಟೆಂಟ್’ ಬಳಸಿ. ಪೆಟ್ಟಿಗೆಯಲ್ಲಿ ಯಾರೋ ಕೋಡ್ ಬರೆದು ಓಡಿಸುವ ದಾರಿ ಅದರಿಂದ ಮುಚ್ಚುತ್ತದೆ.

ಪೋರ್ಟ್‌ಫೋಲಿಯೊದಲ್ಲಿ ಇದನ್ನು ತೋರಿಸುವಾಗ ನಿಜವಾದ ಹೆಸರು, ನಿಜವಾದ ಕೂಲಿ ಒಂದೂ ಇರಕೂಡದು. ಕಲ್ಪಿತ ಹೆಸರುಗಳ ಮಾದರಿ ಮಾಹಿತಿ ತುಂಬಿ. ಇನ್ನೊಬ್ಬರ ಸಂಪಾದನೆಯನ್ನು ಊರಿಗೆ ತೆರೆದಿಡುವ ಹಕ್ಕು ನಿಮಗಿಲ್ಲ. ಗಿಟ್‌ನಲ್ಲಿ ಒಮ್ಮೆ ಕಮಿಟ್ ಆದದ್ದು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ.

ಪ್ರಾಜೆಕ್ಟ್ ನಾಲ್ಕು: ಜಲಾಶಯದ ನೀರು

ಸಿರುಗುಪ್ಪ, ಕಂಪ್ಲಿ ಕಡೆಯ ಭತ್ತದ ರೈತರು ಮುಂಗಾರಿನಲ್ಲಿ ದಿನಪತ್ರಿಕೆಯಲ್ಲಿ ಮೊದಲು ಹುಡುಕುವುದು ತುಂಗಭದ್ರಾ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಅದನ್ನೇ ಚಿತ್ರವಾಗಿ ತೋರಿಸುವ ಪುಟ ಮಾಡಿ. ಬೇರೆಡೆಯ ಮಾಹಿತಿಯನ್ನು ಪುಟಕ್ಕೆ ತರುವ ‘ಫೆಚ್’ ಕಲಿಯಲು ಇದು ಸರಿಯಾದ ನೆಪ.

ಬೇರೆ ತಾಣದಿಂದ ಮಾಹಿತಿಯನ್ನು ನೇರವಾಗಿ ಸೆಳೆಯಲು ಹೊರಟರೆ ಬ್ರೌಸರ್ ತಡೆಯುವ ಸಾಧ್ಯತೆ ಹೆಚ್ಚು. ಆ ತಾಣ ಅನುಮತಿ ಕೊಡದಿದ್ದರೆ ನಿಮ್ಮ ಪುಟಕ್ಕೆ ಅದನ್ನು ಓದಲು ಬ್ರೌಸರ್ ಬಿಡುವುದಿಲ್ಲ, ಆ ಅನುಮತಿ ಕೊಡುವ ಪದ್ಧತಿಗೆ ಕಾರ್ಸ್ ಎಂದು ಹೆಸರು. ಅದರೊಡನೆ ಗುದ್ದಾಡುತ್ತ ವಾರ ಕಳೆಯಬೇಡಿ. ಪತ್ರಿಕೆಯಲ್ಲಿ ಬಂದ ಅಂಕಿಗಳನ್ನು ದಿನವೂ ಒಂದು ಜೇಸನ್ ಕಡತಕ್ಕೆ ಕೈಯಿಂದ ಸೇರಿಸಿ, ನಿಮ್ಮ ಪುಟ ಆ ಕಡತವನ್ನು ಓದಲಿ. ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ‘ಫೆಚ್’ ಓಡುವುದಿಲ್ಲ, ಲೈವ್ ಸರ್ವರ್ ಮೂಲಕವೇ ತೆರೆಯಬೇಕು.

ಚಿತ್ರವನ್ನು ಮೊದಲ ಸಲ ಲೈಬ್ರರಿ ಇಲ್ಲದೆ, ಗೆರೆ ಆಕಾರಗಳನ್ನು ಕೋಡ್‌ನಲ್ಲೇ ಹೇಳುವ ಎಸ್‌ವಿಜಿಯಲ್ಲಿ ಬರೆಯಿರಿ. ಎಸ್‌ವಿಜಿಯ ಅಳತೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ನೀರು ಏರಿದರೆ ಗೆರೆ ಇಳಿಯುತ್ತದೆ; ತಿರುಗಿಸುವ ಸಣ್ಣ ಲೆಕ್ಕ ನೀವೇ ಹಾಕಬೇಕು. ಅದಕ್ಕಿಂತ ದೊಡ್ಡ ಪ್ರಶ್ನೆ ಅಕ್ಷ ಎಲ್ಲಿಂದ ಶುರುವಾಗಬೇಕು ಎಂಬುದು. ಜಲಾಶಯದ ಗರಿಷ್ಠ ಮಟ್ಟ 1,633 ಅಡಿ, ಅದು ಸಮುದ್ರಮಟ್ಟದಿಂದ ಅಳೆದದ್ದು. ಸೊನ್ನೆಯಿಂದ ಗೆರೆ ಎಳೆದರೆ ಇಡೀ ವರ್ಷದ ಏರಿಳಿತ ಚಪ್ಪಟೆಯಾಗಿ ಕಾಣುತ್ತದೆ. ಮಟ್ಟದ ಅಕ್ಷವನ್ನು ಸೊನ್ನೆಯ ಬದಲು ಅದಕ್ಕಿಂತ ಮೇಲಿನ ಸಂಖ್ಯೆಯಿಂದ ಆರಂಭಿಸುವುದು ಸರಿ. ಆದರೆ ಸಂಗ್ರಹವನ್ನು, ಅಂದರೆ ಟಿಎಂಸಿ (ನೂರು ಕೋಟಿ ಘನ ಅಡಿ) ಲೆಕ್ಕವನ್ನು ತೋರಿಸುವಾಗ ಸೊನ್ನೆಯಿಂದಲೇ ಶುರುಮಾಡಬೇಕು, ಇಲ್ಲದಿದ್ದರೆ ಅರ್ಧ ತುಂಬಿದ ಜಲಾಶಯ ಖಾಲಿಯಂತೆ ಕಾಣುತ್ತದೆ. ಹೂಳು ತುಂಬಿ ಕುಗ್ಗಿದ ಮೇಲೆ ಸಾಮರ್ಥ್ಯವನ್ನು 105.788 ಟಿಎಂಸಿ ಎಂದು ಕೊಡಲಾಗುತ್ತಿತ್ತು. ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಹೆಚ್ಚು, ಏಕೆಂದರೆ ಜಲಾಶಯ ಮೇಲೆ ಅಗಲ. ಮಟ್ಟ, ಸಂಗ್ರಹ ಎರಡನ್ನೂ ಬೇರೆ ಬೇರೆ ಚಿತ್ರಗಳಲ್ಲಿ ತೋರಿಸಲು ಇದೇ ಕಾರಣ.

ಚಿತ್ರದ ಮೇಲೆ ಘಟನೆಗಳ ಗುರುತು ಹಾಕುವುದನ್ನೂ ಕಲಿಯಿರಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ವರ್ಷದ ಹಳೆಯ ಪತ್ರಿಕೆಗಳಿಂದ ಅಂಕಿ ತೆಗೆದು ಗೆರೆ ಎಳೆದರೆ, ಆ ದಿನದ ಗುರುತಿಲ್ಲದೆ ಮುಂದಿನ ಇಳಿಕೆ ಓದುಗರಿಗೆ ಅರ್ಥವಾಗುವುದಿಲ್ಲ.

ಸರ್ವರ್ ಕಡೆಗೆ

ಪೀಸ್ ಲೆಕ್ಕವನ್ನು ಎರಡು ಫೋನುಗಳಲ್ಲಿ ನೋಡಬೇಕು ಎಂದು ಘಟಕದವರು ಕೇಳಿದ ದಿನ ಸರ್ವರ್ (ಎಲ್ಲ ಫೋನುಗಳಿಗೂ ಮಾಹಿತಿ ಒದಗಿಸುವ ಯಂತ್ರ) ಕಲಿಯಿರಿ, ಅದಕ್ಕೆ ಮೊದಲು ಬೇಡ. ನೋಡ್ ಮತ್ತು ಎಕ್ಸ್‌ಪ್ರೆಸ್ ಆದರೆ ಭಾಷೆ ಅದೇ ಜಾವಾಸ್ಕ್ರಿಪ್ಟ್ ಇರುತ್ತದೆ. ಪೈಥಾನ್ ಬಂದವರು ಜಾಂಗೊ ಹಿಡಿಯಲಿ. ಡೇಟಾಬೇಸ್‌ಗೆ ಮೊದಲು ಎಸ್‌ಕ್ಯುಲೈಟ್, ಆಮೇಲೆ ಪೋಸ್ಟ್‌ಗ್ರೆಸ್. ಪಾಸ್‌ವರ್ಡನ್ನು ಹಾಗೇ ಉಳಿಸದೆ ಬಿಕ್ರಿಪ್ಟ್‌ನಂಥ ವಿಧಾನದಿಂದ ಹ್ಯಾಶ್ ಮಾಡಬೇಕು, ಅಂದರೆ ಮೂಲಕ್ಕೆ ಮರಳಿಸಲಾಗದಂತೆ ಬದಲಿಸಿ ಇಡಬೇಕು. ಡೇಟಾಬೇಸ್‌ಗೆ ಆದೇಶ ಕೊಡುವ ಎಸ್‌ಕ್ಯುಎಲ್ ಸಾಲಿನೊಳಗೆ ಬಳಕೆದಾರರ ಪಠ್ಯವನ್ನು ನೇರವಾಗಿ ಅಂಟಿಸಬಾರದು. ಗುಪ್ತ ಕೀಲಿಗಳು ಗಿಟ್‌ಗೆ ಹೋಗಬಾರದು. ಪುಟವನ್ನು ಜಾಲದಲ್ಲಿ ಇಟ್ಟುಕೊಡುವ ಉಚಿತ ಹೋಸ್ಟಿಂಗ್‌ಗಳಲ್ಲಿ ಹಲವು, ಬಳಕೆ ಇಲ್ಲದಾಗ ನಿದ್ರೆಗೆ ಜಾರುತ್ತವೆ. ಮೊದಲ ಸಲ ತೆರೆಯಲು ತಡವಾಗುತ್ತದೆ ಎಂಬುದನ್ನು ಪುಟದಲ್ಲೇ ಬರೆಯಿರಿ, ಸಂದರ್ಶಕರು ಕೆಟ್ಟಿದೆ ಎಂದು ಮುಚ್ಚಿಬಿಡಬಾರದು.

ಎಐ ಸಹಾಯಕಗಳನ್ನು ಬಳಸಬೇಡಿ ಎಂದು ಹೇಳುವುದಿಲ್ಲ. ದೋಷದ ಸಂದೇಶದ ಅರ್ಥ ಕೇಳಲು, ನೀವು ಬರೆದದ್ದರಲ್ಲಿ ಹುಳುಕು ಹುಡುಕಲು ಅವು ಒಳ್ಳೆಯವು. ಆದರೆ ಅವು ಕೊಟ್ಟ ತುಣುಕನ್ನು ಓದಿ, ಕಿಟಕಿ ಮುಚ್ಚಿ, ನೆನಪಿನಿಂದ ಮತ್ತೆ ಬರೆಯಲು ಬರುತ್ತದೆಯೇ ನೋಡಿ. ಬರದಿದ್ದರೆ ಅದು ಇನ್ನೂ ನಿಮ್ಮದಾಗಿಲ್ಲ.

ಪೋರ್ಟ್‌ಫೋಲಿಯೊ ಪುಟ

ಇದನ್ನು ಕೊನೆಯಲ್ಲಿ ಮಾಡಿ, ಒಂದೆರಡು ದಿನದಲ್ಲಿ ಮುಗಿಸಿ. ಮೇಲೆ ನಿಮ್ಮ ಹೆಸರು, ಏನು ಮಾಡಬಲ್ಲಿರಿ ಎಂಬ ಒಂದು ವಾಕ್ಯ, ಕೆಳಗೆ ಮೂರು ಅಥವಾ ನಾಲ್ಕು ಕೆಲಸಗಳು. ‘ಜಾವಾಸ್ಕ್ರಿಪ್ಟ್ 90%’ ಎಂಬಂಥ ಕೌಶಲದ ಪಟ್ಟಿಗಳು ಬೇಡ, ಆ ಶೇಕಡಾವಾರು ಯಾರು ಅಳೆದರೆಂದು ಯಾರಿಗೂ ಗೊತ್ತಿಲ್ಲ. ಪ್ರತಿ ಕೆಲಸಕ್ಕೂ ನೇರ ಲಿಂಕ್, ಕೋಡ್‌ನ ಲಿಂಕ್, ಮೊಬೈಲ್ ಪರದೆಯ ಚಿತ್ರ, ನಾಲ್ಕೈದು ಸಾಲು: ಯಾರಿಗಾಗಿ ಮಾಡಿದ್ದು, ಯಾವ ತೊಡಕು ಬಂತು, ಏನು ತೀರ್ಮಾನಿಸಿದಿರಿ, ಏನು ಬಿಟ್ಟಿರಿ. ರೆಪಾಸಿಟರಿಯ ರೀಡ್‌ಮಿ ಕಡತದಲ್ಲೂ ಇದನ್ನೇ ವಿವರವಾಗಿ, ಇಂಗ್ಲಿಷಿನಲ್ಲಿ ಬರೆಯಿರಿ, ಕೆಳಗೆ ಕನ್ನಡದಲ್ಲೂ ಕೊಡಿ. ಕೆಲಸ ಕೊಡುವವರು ಬಹುಪಾಲು ಇಂಗ್ಲಿಷ್ ಓದುತ್ತಾರೆ. ಖಾನಾವಳಿಯ ಮಾಲೀಕರು ಓದುವುದು ಕನ್ನಡ.

ದುಡ್ಡಿನ ಮೊದಲ ಕೆಲಸ

ಬೆಂಗಳೂರು, ಹೈದರಾಬಾದ್ ಕಂಪನಿಗಳಿಗೆ ಅರ್ಜಿ ಹಾಕುತ್ತಿರುವಾಗಲೇ ಊರಿನಲ್ಲಿ ಒಂದೆರಡು ಕೆಲಸ ಬರುತ್ತವೆ: ಜೀನ್ಸ್ ಬ್ರ್ಯಾಂಡಿನ ಮಾದರಿಗಳ ಪುಟ, ಟ್ಯೂಷನ್ ಕೇಂದ್ರ, ಬಿತ್ತನೆ ಬೀಜದ ಅಂಗಡಿ. ಪರಿಚಯದವರಾದರೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎಷ್ಟು ಪುಟ, ಚಿತ್ರ ಮತ್ತು ಪಠ್ಯ ಯಾರು ಕೊಡಬೇಕು, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು, ಉಳಿದದ್ದು ಯಾವಾಗ. ತಾಣದ ವಿಳಾಸವಾದ ಡೊಮೈನ್ ಹೆಸರನ್ನು ಗ್ರಾಹಕರ ಇಮೇಲ್ ವಿಳಾಸದಿಂದ, ಅವರ ಹೆಸರಿನಲ್ಲೇ ಕೊಳ್ಳಿಸಿ, ನಿಮ್ಮ ಹೆಸರಿನಲ್ಲಿ ಬೇಡ. ಅದನ್ನು ವರ್ಷವರ್ಷವೂ ನವೀಕರಿಸಬೇಕು, ಆ ಖರ್ಚು ಅವರದ್ದು ಎಂದು ಮೊದಲೇ ತಿಳಿಸಿ. ಪುಟವನ್ನು ಒಪ್ಪಿಸುವ ದಿನ ಪಾಸ್‌ವರ್ಡ್‌ಗಳ ಹಾಳೆಯನ್ನು ಅವರ ಕೈಗೇ ಕೊಟ್ಟು, ಒಂದು ಬೆಲೆಯನ್ನು ಅವರಿಂದಲೇ ಬದಲಾಯಿಸಿ ತೋರಿಸಿ. ಅದು ಅವರಿಗೆ ಬಾರದಿದ್ದರೆ ಪ್ರತಿ ಬೆಲೆ ಏರಿಕೆಗೂ ನಿಮಗೆ ಫೋನ್ ಬರುತ್ತದೆ. ಹಾಗಾಗಿ ತಿಂಗಳ ನಿರ್ವಹಣೆಗೆ ಬೇರೆ ಮೊತ್ತವನ್ನು ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ.